ಹ್ಯಾಮ್ ಸಲಾಡ್ ಯಾಕೆ ನೀರಾಯಿತು ಅಂತ ಕೇಳಿದ್ದೆಯಲ್ಲ ತಂಗಿ, ಉತ್ತರ ಸ್ವಲ್ಪ ಉದ್ದ ಇದೆ

ತಂಗಿ, ನಿನ್ನ ಮೆಸೇಜು ಬೆಳಿಗ್ಗೆನೇ ನೋಡಿದೆ, ಪಾವ್ ತರಲು ಇಲ್ಲಿ ಬೆಳಗಾವಿಯ ಕ್ಯಾಂಪಿಗೆ, ಅದೇ ದಂಡಿನ ಪ್ರದೇಶಕ್ಕೆ, ಹೊರಟಿದ್ದೆ, ಈಗ ಬಂದು ಕೂತೆ. ಫೋನ್ ಮಾಡೋಣ ಅಂದರೆ ನೀನು ಡ್ಯೂಟಿಯಲ್ಲಿ ಇರುತ್ತೀಯ. ಅದಕ್ಕೆ ಎದುರಿಗೆ ಕೂತು ಮಾತಾಡಿದ ಹಾಗೇ ಇಲ್ಲೇ ಹೇಳಿಬಿಡುತ್ತೇನೆ, ಗ್ರೂಪಿನಲ್ಲಿ ಉಳಿದವರೂ ಕೇಳಿದ್ದಾರೆ, ಎಲ್ಲರಿಗೂ ಒಂದೇ ಸಲ ಆಗಲಿ.

ನೀನು ಬರೆದದ್ದು ಇಷ್ಟು ಅಲ್ವಾ: ಕ್ರಿಸ್ಮಸ್‌ಗೆ ಅಂತ ಗೋವಾದಿಂದ ತರಿಸಿದ ಹಂದಿ ಮಾಂಸದ ಹ್ಯಾಮ್ ಸುಮಾರು 800 ಗ್ರಾಂ ಉಳಿಯಿತು. ಅದರಲ್ಲಿ ಅರ್ಧ ಮಿಕ್ಸಿಗೆ ಹಾಕಿ, ಸೌತೆಕಾಯಿ ತುರಿದು ಸೇರಿಸಿ, ಬಾಟಲಿ ಮಯೋನೀಸ್ ಸುರಿದು, ರುಚಿಗೆ ಉಪ್ಪು ಹಾಕಿ ಕಲಸಿದೆ. ಒಂದು ತಾಸು ಬಿಟ್ಟು ನೋಡಿದರೆ ತಳದಲ್ಲಿ ನೀರು, ಬಾಯಿಗಿಟ್ಟರೆ ಬರೀ ಉಪ್ಪು. ಉಳಿದ 400 ಗ್ರಾಂ ನಾಳೆ ಮಧ್ಯಾಹ್ನಕ್ಕೆ ಮಾಡಬೇಕು, ಅತ್ತೆ ಮನೆಯವರು ಊಟಕ್ಕೆ ಬರುತ್ತಾರೆ, ನಮ್ಮ ಮನೆಯಲ್ಲಿ ತಿಂದ ಹಾಗೇ ಆಗಬೇಕು.

ಆಗುತ್ತದೆ. ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ. ಈ ಸಲಾಡಿನಲ್ಲಿ ನೋಡಿಕೊಳ್ಳಬೇಕಾದದ್ದು ಎರಡೇ, ನೀರು ಮತ್ತು ಉಪ್ಪು. ಅದೂ ಎರಡಲ್ಲ, ಒಂದೇ ಅನ್ನಬೇಕು, ಯಾಕೆಂದರೆ ಉಪ್ಪೇ ನೀರನ್ನು ಹೊರಗೆ ಎಳೆಯುವುದು. ನೀನು ಪಚ್ಚಡಿ ಮಾಡುತ್ತೀಯಲ್ಲ, ಸೌತೆಕಾಯಿಗೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟರೆ ಎಷ್ಟು ನೀರು ಬಿಡುತ್ತದೆ ನೋಡಿದ್ದೀಯ. ಹ್ಯಾಮ್ ಅಂದರೆ ಹಂದಿಯ ಹಿಂಗಾಲಿನ ತೊಡೆ, ಅದನ್ನು ಉಪ್ಪಿನಲ್ಲೇ ಹದ ಮಾಡಿರುತ್ತಾರೆ. 100 ಗ್ರಾಂ ಹ್ಯಾಮ್‌ನಲ್ಲೇ ಸುಮಾರು 2ರಿಂದ 3 ಗ್ರಾಂ ಉಪ್ಪು ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಮಿಗಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಅಂಥ ಹ್ಯಾಮ್ ಪಕ್ಕದಲ್ಲಿ ತುರಿದ ಸೌತೆಕಾಯಿ ಇಟ್ಟರೆ ಅದು ನೀರು ಬಿಡದೆ ಇನ್ನೇನು ಮಾಡುತ್ತದೆ? ಮೇಲೆ ನೀನು ಮತ್ತೆ ಉಪ್ಪು ಹಾಕಿದೆ. ಮಯೋನೀಸಿನಲ್ಲೂ ಉಪ್ಪು ಇತ್ತು. ನಾಳೆ ಉಪ್ಪಿನ ಡಬ್ಬಿಯನ್ನು ಅಡುಗೆಕಟ್ಟೆಯ ಮೇಲೇ ಇಡಬೇಡ, ಮೊಟ್ಟೆಗೂ ಹಾಕಬೇಡ, ಯಾವುದಕ್ಕೂ ಹಾಕಬೇಡ.

ಇದನ್ನು ನನಗೆ ಕಲಿಸಿದ್ದು ನಮ್ಮಪ್ಪ, ನಿನ್ನ ದೊಡ್ಡಪ್ಪ. ಕ್ಯಾಂಪಿನ ಮೆಸ್ಸಿನ ಅಡುಗೆಮನೆಯಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವರು. ನೀನಾಗ ತುಂಬಾ ಸಣ್ಣವಳು, ನಿನಗೆ ನೆನಪಿರಲಿಕ್ಕಿಲ್ಲ. ಅವರು ಹ್ಯಾಮನ್ನು ಹಲಗೆ ಮೇಲೆ ಹಾಕಿ, ಹಳೆ ಧೋತರದ ಒಗೆದ ಬಟ್ಟೆ ಮಡಿಸಿ ಮೇಲಿಟ್ಟು, ಅಂಗೈಯಿಂದ ಮೆಲ್ಲಗೆ ಒತ್ತುತ್ತಿದ್ದರು. ಬಟ್ಟೆ ಎತ್ತಿದರೆ ಅದರಲ್ಲಿ ತುಂಡಿನ ಅಂಚು, ಕೊಬ್ಬಿನ ಗೆರೆ ಎಲ್ಲ ಒದ್ದೆಯಾಗಿ ಅಚ್ಚೊತ್ತಿದ ಹಾಗೆ ಮೂಡಿರುತ್ತಿತ್ತು. ಬಟ್ಟೆ ತಿರುಗಿಸಿ ಮತ್ತೆ ಒತ್ತುವರು. ಒಣ ಜಾಗದಲ್ಲಿ ಏನೂ ಮೂಡದಿದ್ದಾಗಲೇ ಚಾಕು ಕೈಗೆ ತಗೊಳ್ಳುತ್ತಿದ್ದರು. ನಾನು ಈಗಲೂ ಅದೇ ಮಾಡುತ್ತೇನೆ, ಟಿಶ್ಯೂ ಪೇಪರ್ ಅಲ್ಲ, ಬಟ್ಟೆಯೇ, ಪೇಪರ್ ಹರಿದು ಅಂಟಿಕೊಳ್ಳುತ್ತದೆ.

ಹಾಂ, ಮೊದಲು ಒಂದು ನೋಡು. ಪ್ಯಾಕೆಟ್ ಮೇಲೆ ಬೇಯಿಸಿದ್ದು ಅಂತ ಇದೆಯಾ? ಬರೀ ಉಪ್ಪು ಹಿಡಿಸಿ ಹೊಗೆ ಹಾಕಿದ್ದಾದರೆ ಬೇಯಿಸಿಯೇ ಬಳಸಬೇಕು. ಗುಲಾಬಿ ಬಣ್ಣ ನೋಡಿ ಹಸಿ ಇದೆಯೋ ಬೆಂದಿದೆಯೋ ಹೇಳಲು ಬರುವುದಿಲ್ಲ, ಆ ಬಣ್ಣ ಹದ ಮಾಡುವಾಗ ಹಾಕುವ ನೈಟ್ರೈಟ್ ಅನ್ನುವ ಲವಣದಿಂದ ಬರುವುದು, ಬೆಂದ ಮೇಲೂ ಹಾಗೇ ಇರುತ್ತದೆ. ನಿಮ್ಮದು ಕ್ರಿಸ್ಮಸ್ ದಿನ ಬೇಯಿಸಿ ತಿಂದದ್ದೇ, ಹಾಗಾಗಿ ಚಿಂತೆ ಇಲ್ಲ. ಇವತ್ತಿಗೆ ಎರಡನೇ ದಿನ, ಫ್ರಿಜ್ಜಿನಲ್ಲೇ ಇತ್ತು ಅಂದಿದ್ದೀಯ, ನಾಳೆಗೂ ಚೆನ್ನಾಗಿರುತ್ತದೆ. ಅದಕ್ಕಿಂತ ಜಾಸ್ತಿ ದಿನ ಎಳೆಯಬೇಡ.

ಮಿಕ್ಸಿ ಬೇಡವೇ ಬೇಡ. ಮಿಕ್ಸಿಯಲ್ಲಿ ಮಾಂಸ ಜಜ್ಜಿ, ಕೊಬ್ಬು ಎಲ್ಲದಕ್ಕೂ ಮೆತ್ತಿಕೊಂಡು, ಹಲ್ಲಿಗೆ ಏನೂ ಸಿಗದ ಮುದ್ದೆ ಆಗುತ್ತದೆ. ಚಾಕುವಿನಿಂದ ಹೆಚ್ಚು. ಕಡಲೆಕಾಳಿನ ಗಾತ್ರ ಇರಲಿ, ಅಲ್ಲಲ್ಲಿ ಒಂದೆರಡು ದೊಡ್ಡದು ಬಂದರೂ ಪರವಾಗಿಲ್ಲ. 400 ಗ್ರಾಂ ಹೆಚ್ಚಲು ಇಪ್ಪತ್ತು ನಿಮಿಷ ಬೇಕು, ಆ ಇಪ್ಪತ್ತು ನಿಮಿಷ ಕೊಡು. ಉಪ್ಪು ಜಾಸ್ತಿ ಅನಿಸಿದರೆ ಹೆಚ್ಚುವ ಮುಂಚೆ ತುಂಡನ್ನು ತಣ್ಣೀರಿನಲ್ಲಿ ಅರ್ಧ ತಾಸು ಫ್ರಿಜ್ಜಿನಲ್ಲಿಡು, ತೆಗೆದು ಒರೆಸಿ, ಆಮೇಲೆ ಬಟ್ಟೆಯಲ್ಲಿ ಒತ್ತು. ಹೆಚ್ಚಿದ ಮೇಲೆ ಅದರಲ್ಲಿ ಎರಡು ಹಿಡಿ ಮಾತ್ರ ತಗೊಂಡು ಒಣ ತವೆಯ ಮೇಲೆ, ಎಣ್ಣೆ ಇಲ್ಲದೆ, ಅಂಚು ಕೆಂಪಗಾಗುವ ತನಕ ಹುರಿ. ಪ್ಯಾಕೆಟ್ ಹ್ಯಾಮ್‌ಗೆ ಉಪ್ಪುನೀರು ಚುಚ್ಚಿರುತ್ತಾರೆ, ಮೊದಲು ಚಟಪಟ ಅಂತ ಆ ನೀರು ಹಾರುತ್ತದೆ, ಆಮೇಲೆ ಸದ್ದು ಸಣ್ಣದಾಗಿ ವಾಸನೆ ಬದಲಾಗುತ್ತದೆ. ಅಲ್ಲಿಗೆ ಇಳಿಸು. ಪೂರ್ತಿ ಆರಿದ ಮೇಲೆ ಉಳಿದದ್ದರ ಜೊತೆ ಸೇರಿಸು. ಈ ಹುರಿದ ಎರಡು ಹಿಡಿಯೇ ಸಲಾಡಿಗೆ ರುಚಿ ಕೊಡುವುದು, ನಮ್ಮ ಮನೆಯದ್ದು ಬೇರೆ ಥರ ಇರುತ್ತದೆ ಅಂತ ನೀವೆಲ್ಲ ಅನ್ನುತ್ತಿದ್ದಿರಲ್ಲ, ಅದು ಇದೇ.

ಸೌತೆಕಾಯಿ ಬದಲು ನವಲಕೋಲು ಹಾಕು. ಹೊರದೇಶದಲ್ಲಿ ಇದಕ್ಕೆ ಸೆಲರಿ ಅನ್ನುವ ಸೊಪ್ಪಿನ ದಂಟು ಹಾಕುತ್ತಾರೆ, ಕರಕರ ಅನ್ನಲಿ ಅಂತ. ನಿಮ್ಮ ವಿಜಯಪುರದ ಸಂತೆಯಲ್ಲಿ ಅದನ್ನು ಹುಡುಕುತ್ತಾ ತಿರುಗಬೇಡ. ಎಳೆ ನವಲಕೋಲು ಒಂದು ತಂದು, ಸಿಪ್ಪೆ ದಪ್ಪಗೆ ತೆಗೆದು, ಹ್ಯಾಮ್ ಗಾತ್ರಕ್ಕೇ ಹೆಚ್ಚು. ಅದು ಬೇಗ ನೀರು ಬಿಡುವುದಿಲ್ಲ. ಉಳ್ಳಾಗಡ್ಡಿ ಸಣ್ಣದು ಒಂದು ಸಾಕು, ಹೆಚ್ಚಿ ತಣ್ಣೀರಿನಲ್ಲಿ ಐದು ನಿಮಿಷ ಬಿಟ್ಟು ಹಿಂಡಿ ಹಾಕು, ಇಲ್ಲದಿದ್ದರೆ ಸಂಜೆ ತನಕ ಬಾಯಲ್ಲಿ ಅದೇ ವಾಸನೆ. ಮೂರು ಮೊಟ್ಟೆ, ನೀರು ಕುದಿ ಬಂದ ಮೇಲೆ ಹತ್ತು ನಿಮಿಷ, ತೆಗೆದು ತಣ್ಣೀರಿಗೆ. ಬಿಳಿ ಭಾಗ ಹೆಚ್ಚು, ಹಳದಿ ಭಾಗ ಬೇರೆ ಇಡು.

ಈಗ ಮಯೋನೀಸ್ ವಿಷಯ. ಮಾವಶಿ, ನೀವು ಗ್ರೂಪಿನಲ್ಲಿ ಹೇಳಿದ್ದು ನಿಜ, ಹಸಿ ಮೊಟ್ಟೆಯ ಹಳದಿಗೆ ಹನಿಹನಿ ಎಣ್ಣೆ ಬಿಟ್ಟು ಕಡೆದು ಮಾಡಿದರೇ ಅದರ ರುಚಿ, ನೀವು ಮಾಡಿದ್ದು ನಾನು ತಿಂದಿದ್ದೇನೆ, ಬೆಣ್ಣೆ ಹಾಗೆ ಇರುತ್ತಿತ್ತು. ಆದರೆ ದಯವಿಟ್ಟು ಈ ಸಲ ಬೇಡ ಮಾವಶಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ಕ್ರಿಮಿ ಇರಬಹುದು. 2024ರ ಅಕ್ಟೋಬರ್‌ನಲ್ಲಿ ತೆಲಂಗಾಣದಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನೇ ಒಂದು ವರ್ಷ ನಿಷೇಧ ಮಾಡಿದರು, ಮುಂದಿನ ಏಪ್ರಿಲ್‌ನಲ್ಲಿ ತಮಿಳುನಾಡಿನಲ್ಲೂ ಮಾಡಿದರು. ಮನೆಯಲ್ಲಿ ಸಣ್ಣ ಮಕ್ಕಳು, ವಯಸ್ಸಾದವರು, ಮೇಲೆ ತಮ್ಮನ ಹೆಂಡತಿಗೆ ಐದು ತಿಂಗಳು. ಬೇಡ.

ಹಾಗಂತ ಬಾಟಲಿಯದ್ದನ್ನೂ ಅಷ್ಟು ಸುರಿಯಬೇಡ ತಂಗಿ. ನಾನು ಮಾಡುವುದು ಹೀಗೆ: ಇವತ್ತು ರಾತ್ರಿಯೇ ಅರ್ಧ ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿ ಮೇಲಿಟ್ಟು, ಕೆಳಗೆ ಪಾತ್ರೆ ಇಟ್ಟು ಫ್ರಿಜ್ಜಿನೊಳಗೆ ಬಿಡು. ಬೆಳಿಗ್ಗೆಗೆ ಶ್ರೀಖಂಡಕ್ಕೆ ಮಾಡುವ ಚಕ್ಕಾ ಸಿದ್ಧ. ಡೈರಿಯಲ್ಲಿ ಚಕ್ಕಾ ಸಿಕ್ಕರೆ ಅದನ್ನೇ ತಾ, ಹುಳಿ ಜಾಸ್ತಿ ಇರಬಾರದು, ಸಕ್ಕರೆ ಹಾಕಿರಬಾರದು, ಕೇಳಿ ತಗೋ. ನಾಲ್ಕು ದೊಡ್ಡ ಚಮಚ ಚಕ್ಕಾಗೆ ಎರಡು ದೊಡ್ಡ ಚಮಚ ಮಯೋನೀಸ್. ಬೇರೆ ಇಟ್ಟ ಮೊಟ್ಟೆಯ ಹಳದಿಯನ್ನು ಇದರಲ್ಲಿ ಫೋರ್ಕಿನಿಂದ ಕಿವುಚು. ಹಳದಿ ಉಳಿದ ತೇವವನ್ನೂ ಹೀರಿಕೊಂಡು ಗಟ್ಟಿ ಮಾಡುತ್ತದೆ. ಒಂದು ಸಣ್ಣ ಚಮಚ ಸಾಸಿವೆಯನ್ನು ಎರಡು ಹನಿ ವಿನೆಗರ್ ಹಾಕಿ ಕಲ್ಲಿನಲ್ಲಿ ಅರೆದು ಹಾಕು, ಮೂಗಿಗೆ ಏರುವಷ್ಟು ಖಾರ ಬರುತ್ತದೆ. ಕರಿಮೆಣಸು ಕುಟ್ಟಿ ಹಾಕು.

ಸಿಹಿಗೆ ಗುಳಂಬ, ಅದೇ ಬೆಲ್ಲದ ಪಾಕದಲ್ಲಿ ಹಾಕಿದ ಮಾವಿನಕಾಯಿ. ಇದು ಅಪ್ಪನದ್ದಲ್ಲ, ಅವ್ವ ಶುರು ಮಾಡಿದ್ದು. ಸಲಾಡಿಗೆ ಹಾಕಲು ಸಿಹಿ ಸೌತೆ ಉಪ್ಪಿನಕಾಯಿ ಇಲ್ಲದ ಒಂದು ದಿನ ಜಾಡಿಯಿಂದ ಒಂದು ಚಮಚ ಗುಳಂಬ ತೆಗೆದು, ಮಾವಿನ ಹೋಳು ಹೆಚ್ಚಿ ಹಾಕಿದಳು. ಅಪ್ಪ ಒಂದು ತುತ್ತು ತಿಂದು ಏನೂ ಅನ್ನಲಿಲ್ಲ, ಮತ್ತೆ ಬಡಿಸಿಕೊಂಡರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದೇ. ಬೆಲ್ಲದ ಪಾಕ ಜಾಸ್ತಿ ಬೀಳದ ಹಾಗೆ ಹೋಳನ್ನಷ್ಟೇ ಎತ್ತು.

ಎಲ್ಲವನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು, ಊಟಕ್ಕೆ ಅರ್ಧ ತಾಸು ಇರುವಾಗ ಕಲಸು. ಮೊದಲು ಹ್ಯಾಮ್ ಮತ್ತು ಚಕ್ಕಾ, ಆಮೇಲೆ ನವಲಕೋಲು, ಉಳ್ಳಾಗಡ್ಡಿ, ಕೊನೆಗೆ ಮೊಟ್ಟೆಯ ಬಿಳಿ. ಕೈಯಿಂದಲ್ಲ, ಚಮಚದಿಂದ, ಮೆಲ್ಲಗೆ. ಚಮಚದಲ್ಲಿ ಎತ್ತಿದರೆ ಗುಡ್ಡೆಯಾಗಿ ನಿಲ್ಲಬೇಕು, ಜಾರಬಾರದು. 400 ಗ್ರಾಮಿಗೆ ಆರು ಜನರಿಗೆ ಆಗುತ್ತದೆ.

ಬಡಿಸುವುದು ನನಗೆ ಮಾಡುವುದಕ್ಕಿಂತ ಮುಖ್ಯ. ಒಂದು ವರ್ಷ ಮೇ ತಿಂಗಳಲ್ಲಿ, ನಮ್ಮ ಮಗನ ಫಸ್ಟ್ ಕಮ್ಯುನಿಯನ್, ಅಂದರೆ ಚರ್ಚಿನಲ್ಲಿ ಮೊದಲ ಪ್ರಸಾದ ಪಡೆದ ದಿನದ ಊಟಕ್ಕೆ, ನಾನು ದೊಡ್ಡ ಪಾತ್ರೆಯಲ್ಲಿ ಮಾಡಿ ಪೆಂಡಾಲಿನ ಮೇಜಿನ ಮೇಲಿಟ್ಟೆ. ಜನ ಬರುತ್ತಲೇ ಇದ್ದರು, ಪಾತ್ರೆ ಮೂರು ತಾಸು ಹಾಗೇ ಇತ್ತು. ರಾತ್ರಿ ಮಗನೂ ಇನ್ನಿಬ್ಬರು ಮಕ್ಕಳೂ ವಾಂತಿ ಮಾಡಿದರು. ಒಬ್ಬನಿಗೆ ಸಲೈನ್ ಹಾಕಿಸಬೇಕಾಯಿತು. ಆ ರಾತ್ರಿ ಆ ಮಗುವಿನ ಮಂಚದ ಪಕ್ಕ ಕೂತದ್ದನ್ನು ನಾನು ಮರೆತಿಲ್ಲ. ಹೊರಗೆ ಇಟ್ಟ ಇಂಥ ಪದಾರ್ಥ ಎರಡು ತಾಸಿನೊಳಗೆ ತಿಂದು ಮುಗಿಯಬೇಕು ಇಲ್ಲವೇ ಫ್ರಿಜ್ಜಿಗೆ ಹೋಗಬೇಕು. ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ತಾಸು. ಈಗ ಡಿಸೆಂಬರ್, ಆದರೂ ವಿಜಯಪುರದ ಮಧ್ಯಾಹ್ನ ನಮ್ಮ ಬೆಳಗಾವಿ ಹಾಗಲ್ಲ. ದೊಡ್ಡ ಪರಾತದಲ್ಲಿ ಐಸ್ ತುಂಬಿ ಅದರ ಮೇಲೆ ಸ್ಟೀಲ್ ಡಬ್ಬಿ ಇಡು, ಸ್ವಲ್ಪ ಸ್ವಲ್ಪವೇ ಹೊರಗೆ ತಾ. ಉಳಿದದ್ದು ಫ್ರಿಜ್ಜಿಗೆ, ಆದರೆ ಜಾಸ್ತಿ ದಿನ ಇಡಬೇಡ. ನಿನ್ನ ಅಣ್ಣ ಬಸ್ಸಿನಲ್ಲಿ ಡಬ್ಬಿ ಕಳಿಸು ಅಂತ ಕೇಳಿದ್ದಾನೆ, ಐಸ್ ಪೆಟ್ಟಿಗೆ ಇಲ್ಲದೆ ಅಷ್ಟು ದೂರ ನಾನಂತೂ ಕಳಿಸುವುದಿಲ್ಲಪ್ಪ. ಅವನೇ ಬಂದು ಇಲ್ಲೇ ತಿನ್ನಲಿ.

ತಮ್ಮನ ಹೆಂಡತಿಗೆ ಈ ತಣ್ಣನೆಯ ಸಲಾಡ್ ಕೊಡಬೇಡ. ಲಿಸ್ಟೀರಿಯಾ ಅಂತ ಒಂದು ಕ್ರಿಮಿ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಬಸುರಿಯರಿಗೆ, ಹೊಟ್ಟೆಯ ಮಗುವಿಗೆ ಅದು ಅಪಾಯ. ಅವಳ ಪಾಲಿನ ಹ್ಯಾಮನ್ನು ಹಬೆಯಾಡುವಷ್ಟು ಬಿಸಿ ಮಾಡಿ, ಬಿಸಿ ಇರುವಾಗಲೇ ಪಾವಿನೊಳಗೆ ಇಟ್ಟು ಕೊಡು. ಅವಳಿಗೆ ಬೇಜಾರಾಗದ ಹಾಗೆ ಮೊದಲೇ ಹೇಳು. ಕಾಕಾಗೆ ಬಿಪಿ ಇದೆ, ಎರಡು ಚಮಚ ಸಾಕು, ಮೊಸರು ಮೊಟ್ಟೆ ಜಾಸ್ತಿ ಬೀಳಲಿ.

ಇನ್ನೊಂದು. ನಿಮ್ಮ ಪಕ್ಕದ ಮನೆಯವರನ್ನೂ ಕರೆದಿದ್ದೀಯ. ಹಂದಿ ತಿನ್ನದವರು ಇರುತ್ತಾರೆ, ಮಾಂಸವೇ ತಿನ್ನದವರೂ ಇರುತ್ತಾರೆ. ಅವರು ಕೇಳುವ ಮುಂಚೆ ನೀನೇ ಬಾಯಿಬಿಟ್ಟು ಹೇಳು, ಇದರಲ್ಲಿ ಹಂದಿ ಮಾಂಸ ಇದೆ ಅಂತ. ಅದರ ಚಮಚ ಬೇರೆ, ಹಲಗೆ ಬೇರೆ, ಚಾಕು ಬೇರೆ. ಹ್ಯಾಮ್ ಮುಟ್ಟುವ ಮುಂಚೆಯೇ ಅವರ ಅಡುಗೆ ಮುಗಿಸಿ ಮುಚ್ಚಿಡು. ಬೇಯಿಸಿದ ಬಟಾಟೆ, ನವಲಕೋಲು, ಹುರಿದ ಶೇಂಗಾ ಹಾಕಿ ಬರೀ ಚಕ್ಕಾದಲ್ಲಿ ಕಲಸಿದರೆ ಅವರಿಗೂ ಒಂದು ಒಳ್ಳೆ ಸಲಾಡ್ ಆಗುತ್ತದೆ. ಅದಕ್ಕೆ ಉಪ್ಪು ಹಾಕು, ಅದರಲ್ಲಿ ಹ್ಯಾಮ್ ಇಲ್ಲ.

ಪಾವ್ ಇರಲಿ, ಮಕ್ಕಳಿಗೆ ಅದೇ ಇಷ್ಟ. ದೊಡ್ಡವರಿಗೆ ಎಳ್ಳು ಹಚ್ಚಿದ ಸಜ್ಜೆ ಕಡಕ್ ರೊಟ್ಟಿ ಕೊಡು, ಮುರಿದು ಅದರ ಮೇಲೆ ಒಂದು ಚಮಚ ಸಲಾಡ್. ರೊಟ್ಟಿಗೂ ಉಪ್ಪು ಕಡಿಮೆ, ಸರಿಹೋಗುತ್ತದೆ. ಪಕ್ಕದಲ್ಲಿ ಹಕ್ಕರಕಿ ಸೊಪ್ಪು ಸಿಕ್ಕರೆ ತೊಳೆದು, ನೀರು ಚೆನ್ನಾಗಿ ಜಾಡಿಸಿ ಹಸಿಯಾಗೇ ಇಡು, ಅದರ ಸಣ್ಣ ಕಹಿ ಹ್ಯಾಮ್ ಕೊಬ್ಬಿಗೆ ತುಂಬಾ ಒಪ್ಪುತ್ತದೆ. ಹೋದ ವರ್ಷ ನಿನ್ನ ಭಾವ ಹೀಗೆ ನಾಲ್ಕು ರೊಟ್ಟಿ ತಿಂದರು.

ಮೊಸರು ಮಾತ್ರ ಈಗಲೇ ಕಟ್ಟಿಡು, ಮಲಗುವ ಮುಂಚೆ. ನಾಳೆ ಹೆಚ್ಚಿದ ಹ್ಯಾಮಿನ ಫೋಟೊ ಹಾಕು, ಗಾತ್ರ ನೋಡಿ ಹೇಳುತ್ತೇನೆ. ಹತ್ತು ಗಂಟೆ ತನಕ ಫೋನ್ ಕೈಯಲ್ಲೇ ಇರುತ್ತದೆ.