ಕಾಗದ ಹಿಡಿಯದೆ ಹೇಳಿದರೆ ಅದು ಕವಿತೆಯಲ್ಲವೇ?

ಸಕಲೇಶಪುರದ ವಿದ್ಯಾರ್ಥಿನಿ:
ಹಾಸನದ ಕವಿಗೋಷ್ಠಿಯೊಂದರಲ್ಲಿ, ಕಾಫಿ ಹಣ್ಣು ಕುಯ್ಯುವ ನನ್ನ ಅಜ್ಜಿಯ ಬಗ್ಗೆ ಬರೆದದ್ದನ್ನು ಕಾಗದ ನೋಡದೆ, ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಿದೆ. "ತಕ್ಕಡಿಗೆ ಅಜ್ಜಿಯ ಹಣ್ಣು ಗೊತ್ತು, ಹೆಸರು ಗೊತ್ತಿಲ್ಲ" ಎಂಬ ಸಾಲಿಗೆ ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ಆದರೆ ಹಿರಿಯರೊಬ್ಬರು, "ಇದು ಏಕಪಾತ್ರಾಭಿನಯವಮ್ಮ, ಕವಿತೆಯನ್ನು ಓದಬೇಕು" ಎಂದುಬಿಟ್ಟರು. ಅವರ ಮಾತು ಸರಿಯೇ?

ಕಡೂರಿನ ಕನ್ನಡ ಮೇಷ್ಟ್ರು:
ಸರಿಯಲ್ಲ. ನಮ್ಮ ತಾಲ್ಲೂಕಿನ ದೇವನೂರಿನವನಾದ ಲಕ್ಷ್ಮೀಶನ ಜೈಮಿನಿ ಭಾರತವನ್ನು, ಓದಲು ಬಾರದವರೂ ಗಮಕಿಗಳ ಬಾಯಿಂದ ಕೇಳಿಯೇ ಬಲ್ಲವರಾಗಿದ್ದರು. ಐದೈದು ಮಾತ್ರೆಯ ಗಣಗಳಲ್ಲಿ ಸಾಗುವ ಅದರ ವಾರ್ಧಕ ಷಟ್ಪದಿಯ (ಆರು ಸಾಲಿನ ಪದ್ಯದ ಒಂದು ಬಗೆ) ಓಟವು ಕಣ್ಣಿಗಿಂತ ಕಿವಿಗೇ ಬೇಗ ಹಿಡಿಸುತ್ತದೆ. ಹಾಗೆಂದು ನೀವು ಮಾಡಿದ್ದು ಗಮಕವೆಂದು ನಾನು ಹೇಳಲಾರೆ. ಗಮಕಿ ಬೇರೆಯವರ ಕಾವ್ಯವನ್ನು ರಾಗದಲ್ಲಿ ವಾಚಿಸುತ್ತಾನೆ, ನೀವು ನಿಮ್ಮದನ್ನು ಮಾತಿನ ಲಯದಲ್ಲಿ ಹೇಳಿದ್ದೀರಿ. (ಆ ಹಿರಿಯರ ಮೇಲೆ ಸಿಟ್ಟು ಬೇಡ, ನಾನೂ ಹಿಂದೆ ಹಾಗೆಯೇ ಅಂದವನು.)

ಚಿಕ್ಕಮಗಳೂರಿನ ಓದುಗ:
ಹೀಗೆ ಸ್ವಂತ ಕವಿತೆಯನ್ನು ಮಾತಿನ ಲಯದಲ್ಲಿ ಹೇಳುವುದಕ್ಕೆ ಸ್ಪೋಕನ್ ವರ್ಡ್ ಎನ್ನುತ್ತಾರೆ. ಇದನ್ನು ಸ್ಪರ್ಧೆಯಾಗಿಸಿದ 'ಪೊಯೆಟ್ರಿ ಸ್ಲ್ಯಾಮ್' 1980ರ ದಶಕದಲ್ಲಿ ಅಮೆರಿಕದ ಶಿಕಾಗೋದಲ್ಲಿ ಆರಂಭವಾಯಿತು. ಅದನ್ನು ಶುರು ಮಾಡಿದ ಮಾರ್ಕ್ ಸ್ಮಿತ್ ಕಟ್ಟಡ ಕೆಲಸ ಮಾಡುತ್ತಿದ್ದವರು. ಸಾಮಾನ್ಯವಾಗಿ ಸ್ವಂತ ರಚನೆಯೇ ಆಗಿರಬೇಕು, 3 ನಿಮಿಷದೊಳಗೆ ಮುಗಿಸಬೇಕು, ವೇಷಭೂಷಣ, ವಾದ್ಯ ಕೂಡದು. ಸಭಿಕರಲ್ಲೇ ಐವರನ್ನು ಆರಿಸಿ ಅಂಕ ಕೊಡಿಸಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ. ಅಂಕದ ಆಸೆಗೆ ಕೂಗಾಡುವ ಚಟವೂ ಇದರಲ್ಲಿ ಅಂಟಿಕೊಳ್ಳುತ್ತದೆ, ಎಚ್ಚರ. "ಹಣ್ಣು ಗೊತ್ತು" ಎಂದ ಮೇಲೆ ಒಂದು ಉಸಿರು ನಿಲ್ಲಿಸಿ, ಉಳಿದದ್ದನ್ನು ಮೆಲ್ಲಗೆ ಹೇಳಿ ನೋಡಿ. ಮೈಕನ್ನು ತುಟಿಯಿಂದ ಒಂದು ಗೇಣು ದೂರವಿಡಿ, ಇಲ್ಲದಿದ್ದರೆ 'ಫ', 'ಭ' ಅಕ್ಷರಗಳು ಸ್ಪೀಕರಿನಲ್ಲಿ ಬರೀ ಗಾಳಿಯಾಗುತ್ತವೆ.

ಸಕಲೇಶಪುರದ ವಿದ್ಯಾರ್ಥಿನಿ:
ಇಬ್ಬರಿಗೂ ವಂದನೆಗಳು. ನಿನ್ನೆ ಅಜ್ಜಿಯ ಮುಂದೆಯೇ ಹೇಳಿದೆ; ಫೋನಿನಲ್ಲಿ ನೋಡಿದರೆ 2 ನಿಮಿಷ 50 ಸೆಕೆಂಡು. ಅಜ್ಜಿ ಪೂರ್ತಿ ಕೇಳಿ, "ತಕ್ಕಡಿ ಎಲ್ಲಿತ್ತೇ? ಮರಕ್ಕೆ ಕೊಕ್ಕೆ ನೇತುಹಾಕಿ ಚೀಲ ತೂಗೋರು" ಎಂದರು. ಈಗ ಆ ಸಾಲನ್ನು ತಿದ್ದುತ್ತಿದ್ದೇನೆ.