ಆಡಿಟರ್‌ಗೂ ಆಡಿಯೋಗೂ ಏನು ನಂಟು?

ಪದಬೇಟೆ:
ಆಡಿಯೋ, ಆಡಿಟೋರಿಯಂ, ಆಡಿಟರ್ ಮೂರೂ ‘ಕೇಳು’ ಅನ್ನೋ ಲ್ಯಾಟಿನ್ ಧಾತುವಿನಿಂದ ಬಂದವಂತೆ. ಮೊದಲೆರಡು ಸರಿ. ಲೆಕ್ಕದ ಪುಸ್ತಕ ನೋಡೋ ಆಡಿಟರ್‌ಗೆ ಕಿವಿ ಯಾಕೆ? ಕೊನೆಯ ‘ಓರ್’ ಅಂಟಿಸೋಕೆ ನಿಯಮ ಏನಾದ್ರೂ ಇದೆಯಾ?

ಕಡತಪ್ರಿಯ:
ಆಗ ಲೆಕ್ಕ ನೋಡ್ತಿರಲಿಲ್ಲ, ಕೇಳ್ತಿದ್ರು. 13ನೇ ಶತಮಾನದ ಇಂಗ್ಲೆಂಡಿನಲ್ಲಿ ಒಡೆಯನ ಜಮೀನು ನೋಡಿಕೊಳ್ಳುತ್ತಿದ್ದ ರೀವ್‌ಗಳಲ್ಲಿ ಹೆಚ್ಚಿನವರಿಗೆ ಓದು ಬರಹ ಇರಲಿಲ್ಲ. ಕಚ್ಚು ಹಾಕಿದ ಕೋಲು ಹಿಡಿದು ಬಂದು, ಗೋಧಿ ಎಷ್ಟು ಬೆಳೀತು, ಬಿತ್ತನೆಗೆ ಎಷ್ಟು ಹೋಯ್ತು, ಎಷ್ಟು ಮಾರಿದ್ದು ಅಂತ ಬಾಯಲ್ಲೇ ಒಪ್ಪಿಸೋರು. ಗುಮಾಸ್ತ ಅದನ್ನ ಲ್ಯಾಟಿನ್‌ನಲ್ಲಿ ಸುರುಳಿಗೆ ಇಳಿಸೋನು. ಕೂತು ಕೇಳಿ, ಒಪ್ಪಿಗೆಯಾಗದ ಬಾಬ್ತು ಹೊಡೆದುಹಾಕೋನು ಆಡಿಟರ್. ಸುಮ್ಮನೆ ತಲೆಯಾಡಿಸೋ ಕೇಳುಗ ಅಲ್ಲ: ಬಾಕಿ ಉಳಿಸಿಕೊಂಡವನನ್ನ ಸೆರೆಮನೆಗೆ ಕಳಿಸೋ ಅಧಿಕಾರವನ್ನ 1285ರ ಎರಡನೇ ವೆಸ್ಟ್‌ಮಿನ್‌ಸ್ಟರ್ ಶಾಸನ ಆಡಿಟರ್‌ಗಳಿಗೆ ಕೊಟ್ಟಿತ್ತು.

ಧಾತುಪಾಠ:
ನಿಯಮ ಇದೆ. ಲ್ಯಾಟಿನ್ ಕ್ರಿಯಾಪದಕ್ಕೆ ನಾಲ್ಕು ರೂಪ ಬಾಯಿಪಾಠ ಮಾಡ್ತಾರೆ: ಔದಿಯೊ, ಔದೀರೆ, ಔದೀವಿ, ಔದೀತುಂ. ನಾಲ್ಕನೆಯದರ ‘ಉಂ’ ತೆಗೆದು ‘ಓರ್’ ಸೇರಿಸಿ: ಔದೀತೋರ್. ‘ಕಲಿಸು’ ಅನ್ನೋದರ ನಾಲ್ಕನೇ ರೂಪ ದೊಕ್ತುಂ, ಅದರಿಂದ ಡಾಕ್ಟರ್ (ಮೂಲದಲ್ಲಿ ಮೇಷ್ಟ್ರು!). ‘ಓಡು’ ಅನ್ನೋದು ಕುರ್ಸುಂ, ಅದರಿಂದ ಕರ್ಸರ್. ಮೊದಲ ರೂಪ ಕುರ್ರೊ ಇಟ್ಟುಕೊಂಡು ಹೊರಟರೆ ಆ ‘ಸ’ ಎಲ್ಲಿಂದ ಬಂತು ಅಂತ ಹೊಳೆಯೋದೇ ಇಲ್ಲ. ಇನ್ನೊಂದು, ‘ಓರ್’ ಕಂಡಲ್ಲೆಲ್ಲ ಕರ್ತೃ ಹುಡುಕಬೇಡಿ. ಸೀನಿಯರ್, ಜೂನಿಯರ್ ಹೋಲಿಕೆಯ ರೂಪಗಳು. ಎರರ್, ಟೆರರ್ ಭಾವನಾಮಗಳು.

ತತ್ಸಮ:
ಆ ‘ತೋರ್’ ಸಂಸ್ಕೃತದ ‘ತೃ’ ಪ್ರತ್ಯಯದ ಒಡಹುಟ್ಟು. ದಾತೃ ಅಲ್ಲಿ ದತೋರ್, ಜನಿತೃ ಅಲ್ಲಿ ಗೆನಿತೋರ್. ಹೆಣ್ಣಿಗೆ ಅಲ್ಲಿ ‘ತ್ರಿಕ್ಸ್’, ಇಲ್ಲಿ ‘ತ್ರೀ’. ಅಭಿನೇತ್ರಿ ನೆನಪಿಸಿಕೊಳ್ಳಿ. ಆಡಿಟರ್‌ಗೆ ಅರ್ಥದಲ್ಲಿ ಸರಿಜೋಡಿ ಶ್ರೋತೃ, ಆದ್ರೆ ಧಾತು ಬೇರೆ. ಪ್ರತ್ಯಯ ಮಾತ್ರ ಒಂದೇ.

ಪದಬೇಟೆ:
ಹಾಗಾದ್ರೆ ಸಿಎಜಿ ಹೆಸರಲ್ಲಿ ಆಡಿಟರ್ ಪಕ್ಕ ಇರೋ ಕಂಪ್ಟ್ರೋಲರ್?

ಕಡತಪ್ರಿಯ:
ಅದು ಕಂಟ್ರೋಲರ್‌ನದೇ ತಪ್ಪು ಕಾಗುಣಿತ. ಕೊಂತ್ರಾ ಅಂದ್ರೆ ಎದುರು, ರೊತುಲುಸ್ ಅಂದ್ರೆ ಸುರುಳಿ. ಅಸಲು ಲೆಕ್ಕಕ್ಕೆ ತಾಳೆ ನೋಡೋ ಪ್ರತಿಸುರುಳಿ ಇಟ್ಟುಕೊಂಡವನು. ಲೆಕ್ಕಕ್ಕೆ ಫ್ರೆಂಚರು ಬಳಸೋ ‘ಕೋಂತ್’ ಪದದ ಕಾಗುಣಿತದಲ್ಲಿ ‘ಪ’ ಇದೆ. ಇದೂ ಅದರಿಂದಲೇ ಬಂದಿರಬೇಕು ಅಂದುಕೊಂಡು ಯಾರೋ ಇಲ್ಲಿಗೂ ‘ಪ’ ತುರುಕಿದ್ರು. ಓದುವಾಗ ಕಂಟ್ರೋಲರ್ ಅಂದ್ರೆ ಸಾಕು.