ಆಂಕೋರ್‌ಗೆ ಮೂರು ದಿನ: ಯಾವುದನ್ನು ಯಾವಾಗ ನೋಡುವುದು?

ಪ್ರಶ್ನೆ: ಜನವರಿಯಲ್ಲಿ ಅಪ್ಪ-ಅಮ್ಮನನ್ನು ಕಾಂಬೋಡಿಯಾದ ಆಂಕೋರ್‌ಗೆ ಕರೆದೊಯ್ಯುವ ಯೋಚನೆ. ಇಬ್ಬರಿಗೂ ಮಂಡಿನೋವು, ಆದರೆ ರಾಮಾಯಣ-ಮಹಾಭಾರತದ ಶಿಲ್ಪ ಅಂದರೆ ಪ್ರಾಣ. ಎಷ್ಟು ದಿನದ ಟಿಕೆಟ್ ತಗೊಳ್ಳಲಿ? ಸೂರ್ಯೋದಯಕ್ಕೆ ಎಬ್ಬಿಸಲೇಬೇಕಾ?

— ಮೂರು ದಿನದ್ದೇ ತಗೊಳ್ಳಿ. ಒಂದು ದಿನಕ್ಕೆ 37 ಡಾಲರ್, ಮೂರಕ್ಕೆ 62. ಮೂರು ದಿನ ಒಂದರ ಹಿಂದೊಂದು ಬರಬೇಕಿಲ್ಲ, 10 ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು. ಮಂಡಿನೋವಿನವರಿಗೆ ನಡುವೆ ವಿಶ್ರಾಂತಿ ಕೊಡಲು ಇದೇ ಅನುಕೂಲ. ದೇವಾಲಯದ ಬಾಗಿಲಲ್ಲಿ ಟಿಕೆಟ್ ಮಾರುವುದಿಲ್ಲ. ಆನ್‌ಲೈನ್‌ನಲ್ಲಿ ಇಲ್ಲವೇ ಆಂಕೋರ್ ಪಕ್ಕದ ಊರು ಸಿಯೆಮ್ ರೀಪ್‌ನ ಟಿಕೆಟ್ ಕೇಂದ್ರದಲ್ಲಿ ಕೊಳ್ಳಬೇಕು. ಹರಿದ, ಮಾಸಿದ ಡಾಲರ್ ನೋಟು ಅಲ್ಲಿ ಯಾರೂ ಮುಟ್ಟಲ್ಲ.

— ಶಿಲ್ಪಕ್ಕಾಗಿಯೇ ಹೋಗುವವರು ಒಂದು ವಿಷಯ ತಿಳಿದಿರಲಿ. ಮೊದಲ ದಿನ ನೋಡುವ ಆಂಕೋರ್ ವಾಟ್, ಅಂದರೆ ಆಂಕೋರ್‌ನ ದೇವಾಲಯಗಳಲ್ಲಿ ಮುಖ್ಯವಾದದ್ದು, ಪಶ್ಚಿಮಕ್ಕೆ ಮುಖ ಮಾಡಿದೆ, ಗೋಡೆಯ ಉಬ್ಬುಶಿಲ್ಪಗಳ ಸಾಲು ಅಪ್ರದಕ್ಷಿಣವಾಗಿ ಸಾಗುತ್ತದೆ. ನಮ್ಮವರು ಅಭ್ಯಾಸಬಲದಿಂದ ಎಡಕ್ಕೆ ತಿರುಗಿ ಪ್ರದಕ್ಷಿಣೆ ಶುರು ಮಾಡುತ್ತಾರೆ, ಎಲ್ಲವೂ ಹಿಂದುಮುಂದಾಗುತ್ತದೆ. ಒಳಹೋಗಿ ಬಲಕ್ಕೆ ತಿರುಗಿ, ಗೋಡೆ ಎಡಗೈ ಕಡೆ ಇರಲಿ. ಮೊದಲು ಕುರುಕ್ಷೇತ್ರ: ಶರಶಯ್ಯೆಯ ಭೀಷ್ಮನನ್ನು ಇಲ್ಲೇ ಹುಡುಕಿ. ದಕ್ಷಿಣದಲ್ಲಿ ಇದನ್ನು ಕಟ್ಟಿಸಿದ ರಾಜ ಎರಡನೇ ಸೂರ್ಯವರ್ಮನ ಮೆರವಣಿಗೆ, ಆಮೇಲೆ ಸ್ವರ್ಗ-ನರಕ. ಪೂರ್ವಕ್ಕೆ ತಿರುಗಿದೊಡನೆ ಸಮುದ್ರ ಮಂಥನ, ಸುಮಾರು 49 ಮೀಟರ್ ಉದ್ದ. ವಾಸುಕಿಯನ್ನು ಎಳೆಯುವವರಲ್ಲಿ 92 ಅಸುರರು, 88 ದೇವರು. ಅರ್ಧ ಗಂಟೆ ಇಲ್ಲೇ ಹೋದರೂ ನಷ್ಟವಿಲ್ಲ. ಅದರಾಚೆಯ ಎರಡು ಫಲಕಗಳು, ಅಂದರೆ ವಿಷ್ಣುವಿನ ಯುದ್ಧ ಮತ್ತು ಕೃಷ್ಣ-ಬಾಣಾಸುರ, 16ನೇ ಶತಮಾನದವು. ಕೆತ್ತನೆ ಒರಟು, ಬೇಗ ದಾಟಿ. ಲಂಕೆಯ ಯುದ್ಧ ಕೊನೆಗೆ, ಮತ್ತೆ ಪಶ್ಚಿಮ ಗೋಡೆಯಲ್ಲಿ. ಸುಸ್ತಾದರೆ ಕುರುಕ್ಷೇತ್ರ, ಮಂಥನ, ಲಂಕೆ ಈ ಮೂರು ಸಾಕು.

— ಸೂರ್ಯೋದಯದ ಬಗ್ಗೆ: ಸೂರ್ಯ ಆಂಕೋರ್ ವಾಟ್‌ನ ನಡುಗೋಪುರದ ನೇರ ಮೇಲೆ ಬರುವುದು ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಹಗಲು-ರಾತ್ರಿ ಸಮವಾಗುವ ವಿಷುವತ್ತಿನ ಆಸುಪಾಸಿನಲ್ಲಿ ಮಾತ್ರ. ಜನವರಿಯಲ್ಲಿ ನಡುದಾರಿಯಿಂದ ನೋಡಿದರೆ ಬಲಕ್ಕೆ ಸರಿದಿರುತ್ತಾನೆ. ಎಡಬದಿಯ ಕೊಳದ ಹತ್ತಿರ ನಿಂತರೆ ಗೋಪುರಗಳ ಕಡೆಗೆ ಬರುತ್ತಾನೆ. ಬಾಗಿಲು 5ಕ್ಕೆ ತೆರೆಯುತ್ತದೆ, ಕೊಳದ ಬದಿ ಕತ್ತಲಲ್ಲೇ ತುಂಬಿಹೋಗುತ್ತದೆ. ಹಿರಿಯರನ್ನು ಆ ನೂಕುನುಗ್ಗಲಿಗೆ ತಳ್ಳುವುದು ಅನಗತ್ಯ. ಪಶ್ಚಿಮಾಭಿಮುಖ ಕಟ್ಟಡದ ಮೇಲೆ ಒಳ್ಳೆಯ ಬೆಳಕು ಬೀಳುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಮುಂಭಾಗ ಬರೀ ಕಪ್ಪು ನೆರಳು.

— ಮಂಡಿ ವಿಚಾರಕ್ಕೆ: ಆಂಕೋರ್ ವಾಟ್‌ನಲ್ಲಿ ಉಬ್ಬುಶಿಲ್ಪಗಳಿರುವ ಕೆಳಗಿನ ಮೊಗಸಾಲೆಗಳನ್ನು ಸುತ್ತಲು ಎತ್ತರದ ಮೆಟ್ಟಿಲು ಹತ್ತಬೇಕಿಲ್ಲ, ಆದರೆ ಹೊಸ್ತಿಲು ಎತ್ತರ, ಕಲ್ಲು ನುಣುಪು. ಅದರ ಎಲ್ಲಕ್ಕಿಂತ ಮೇಲಿನ ಅಂತಸ್ತು ಬಕಾನ್‌ಗೆ ಕಡಿದಾದ ಏರು, ಕೈಹಿಡಿಕೆ ಇದ್ದರೂ ಇಳಿಯುವಾಗಲೇ ಕಷ್ಟ. ಬೌದ್ಧ ಪರ್ವದಿನಗಳಲ್ಲಿ ಹೇಗೂ ಮುಚ್ಚಿರುತ್ತದೆ. ಹತ್ತುವವರ ಭುಜ, ಮಂಡಿ ಮುಚ್ಚಿರಬೇಕು. ಮೇಲೆ ಶಾಲು ಹೊದ್ದರೆ ಒಪ್ಪುವುದಿಲ್ಲ, ತೋಳಿರುವ ಬಟ್ಟೆಯೇ ಬೇಕು. ಫ್ನೋಮ್ ಬಾಖೆಂಗ್ ಗುಡ್ಡದ ಸೂರ್ಯಾಸ್ತ ಬಿಟ್ಟುಬಿಡಿ: ಮೇಲೆ ಒಮ್ಮೆಗೆ 300 ಜನಕ್ಕೆ ಮಾತ್ರ ಅವಕಾಶ, ಸರದಿಯಲ್ಲಿ ಕಾಲು ಸೋಲುತ್ತದೆ.

— ಎರಡನೇ ದಿನದ ಬೆಳಿಗ್ಗೆ ಬಾಂತೆಯ್ ಸ್ರೇಗೆ ಮೀಸಲಿಡಿ. ಆಂಕೋರ್‌ನಲ್ಲಿ ಶಿಲ್ಪಾಸಕ್ತರು ತಪ್ಪಿಸಿಕೊಳ್ಳಲೇಬಾರದ್ದು ಅದು, ಆಂಕೋರ್ ವಾಟ್‌ಗಿಂತಲೂ. 967ರ ಶಿವಾಲಯ, ಕೆಂಪು ಮರಳುಗಲ್ಲು. ಚಿಕ್ಕದು, ನೆಲ ಸಮ, ಪೂರ್ವಾಭಿಮುಖ. ಕೈಲಾಸ ಅಲುಗಿಸುವ ರಾವಣ, ಕಾಮದಹನ, ಖಾಂಡವವನದ ಮೇಲೆ ಇಂದ್ರ ಸುರಿಸುವ ಮಳೆ, ಕಂಸವಧೆ, ಎಲ್ಲವೂ ಒಳಾವರಣದ ಎರಡು ಪುಟ್ಟ ಕಟ್ಟಡಗಳ ಬಾಗಿಲ ಮೇಲಿವೆ. ಒಳಗರ್ಭಕ್ಕೆ ಹಗ್ಗ ಕಟ್ಟಿರುತ್ತಾರೆ, ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ಊರಿನಿಂದ ದೂರ, ತೆರೆದ ಟುಕ್‌ಟುಕ್‌ನಲ್ಲಿ ಧೂಳು ಹೊಡೆಯುತ್ತದೆ; ಕಾರೇ ಮಾಡಿ.

— ಮೂರನೇ ದಿನ ಬಾಯೋನ್, ತಾ ಪ್ರೋಮ್ ದೇವಾಲಯಗಳು. ಎರಡೂ ರಾಜ ಏಳನೇ ಜಯವರ್ಮ ಕಟ್ಟಿಸಿದ್ದು. ತಾ ಪ್ರೋಮ್‌ನ ಬೇರುಗಳ ನಡುವೆ ಕುಸಿದ ಮಂಟಪಗಳನ್ನು ಮರುಜೋಡಿಸುವ ಕೆಲಸದಲ್ಲಿ ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪಾಲಿದೆ. ಮರಹಲಗೆಯ ದಾರಿ ಇದೆ, ಅದನ್ನು ಬಿಟ್ಟಿಳಿಯಬೇಡಿ. ಬಾಗಿಲು 7:30ಕ್ಕೆ, ತೆರೆದ ಕೂಡಲೇ ಹೋಗಿ.